ವಾರದ ಹಾಳೆಗೆ ಪುಸ್ತಕ, ಫೋಟೊ, ಬರಹ, ಹಾಡು: ಆರಿಸುವುದು ಹೇಗೆ, ಬರೆಯುವುದು ಹೇಗೆ?

ಪ್ರಶ್ನೆ: ಹುಮನಾಬಾದಿನಲ್ಲಿ ನಮ್ಮದೊಂದು ಸಣ್ಣ ಓದುಗರ ಬಳಗವಿದೆ. ಪ್ರತಿ ಶನಿವಾರ ಗ್ರಂಥಾಲಯದ ಫಲಕಕ್ಕೆ ಒಂದು ಹಾಳೆ ಅಂಟಿಸುತ್ತೇವೆ, ಅದನ್ನೇ ವಾಟ್ಸ್‌ಆ್ಯಪ್‌ಗೂ ಹಾಕುತ್ತೇವೆ: ಒಂದು ಪುಸ್ತಕ, ಒಂದು ಫೋಟೊ, ಒಂದು ಬರಹ, ಒಂದು ಸಂಗೀತ. ಮೊದಲ ತಿಂಗಳು ಜನ ನಿಂತು ಓದುತ್ತಿದ್ದರು. ಈಗ ಹಾಳೆಯ ಮೇಲೆ ಕಣ್ಣಾಡಿಸಿ ಹೋಗುತ್ತಾರೆ. ಪುಸ್ತಕ ಕೇಳುವವರಿಲ್ಲ, ಹಾಡು ಕೇಳಿದೆ ಎನ್ನುವವರೂ ಇಲ್ಲ. ಮೂರು ಹಾಳೆಗಳನ್ನು ಜೊತೆಗೆ ಕಳಿಸಿದ್ದೇವೆ. ಎಲ್ಲಿ ತಪ್ಪುತ್ತಿದ್ದೇವೆ? ಫೋಟೊ, ಹಾಡು ಹಂಚಿದರೆ ಹಕ್ಕುಸ್ವಾಮ್ಯದ ತೊಡಕು ಬರುತ್ತದೆಯೇ?

ಉತ್ತರ: ನೀವು ಆರಿಸಿದ ಹೆಸರುಗಳಲ್ಲಿ ತಪ್ಪಿಲ್ಲ. ಮೂರೂ ಹಾಳೆಗಳಲ್ಲಿ ಒಂದೇ ಕೊರತೆ ಇದೆ: ಓದುಗ ಎಲ್ಲಿಂದ ಶುರು ಮಾಡಬೇಕು, ಎಷ್ಟು ಹೊತ್ತು ಹಿಡಿಯುತ್ತದೆ, ಎಲ್ಲಿ ಸಿಗುತ್ತದೆ ಎಂಬ ಮೂರು ಮಾತು ಎಲ್ಲಿಯೂ ಬಂದಿಲ್ಲ. ‘ಓದಲೇಬೇಕಾದ ಕೃತಿ’, ‘ಮನ ಮುಟ್ಟುವ ಗಾಯನ’ ಎಂದು ಬರೆದಿದ್ದೀರಿ. ಅದನ್ನು ಓದಿದವನಿಗೆ ನಿಮ್ಮ ಮೆಚ್ಚುಗೆ ತಿಳಿಯುತ್ತದೆ, ದಾರಿ ತಿಳಿಯುವುದಿಲ್ಲ. ಜೊತೆಗೆ ವಾರಕ್ಕೆ ನಾಲ್ಕು ದೊಡ್ಡ ವಸ್ತು ಕೊಟ್ಟರೆ ತಿಂಗಳಿಗೆ ಹದಿನಾರು ಆಯಿತು. ತೊಗರಿ ರಾಶಿಯ ದಿನಗಳಲ್ಲಿ, ಪರೀಕ್ಷೆಯ ದಿನಗಳಲ್ಲಿ ಅಷ್ಟನ್ನು ಹೊರುವವರು ಯಾರು? ಮೊದಲ ವಾರ ಬಿಟ್ಟುಹೋದದ್ದಕ್ಕೆ ನಾಚಿ, ಎರಡನೆಯ ವಾರ ಹಾಳೆಯ ಕಡೆ ನೋಡದೇ ಹೋಗುತ್ತಾರೆ.

ಹೀಗೆ ಮಾಡಿ. ವಾರಕ್ಕೆ ಒಂದು ದೊಡ್ಡದು, ಮೂರು ಚಿಕ್ಕವು. ದೊಡ್ಡದಕ್ಕೆ ಎರಡು ತಾಸು, ಉಳಿದ ಮೂರೂ ಸೇರಿ ಅರ್ಧ ತಾಸು. ಈ ವಾರ ಪುಸ್ತಕ ದೊಡ್ಡದಾದರೆ ಮುಂದಿನ ವಾರ ಸಂಗೀತ, ಆಮೇಲೆ ಫೋಟೊ. ತಾಸಿಗೆ 25 ಪುಟದ ಲೆಕ್ಕ ಹಿಡಿದರೆ ಎರಡು ತಾಸಿಗೆ 50 ಪುಟ. ಅದಕ್ಕಿಂತ ಹೆಚ್ಚು ಬರೆಯಬೇಡಿ. ನಾನೂರು ಪುಟದ ಕಾದಂಬರಿಯನ್ನು ಶಿಫಾರಸು ಮಾಡಬಾರದೆಂದಲ್ಲ, ‘ಮೊದಲ 50 ಪುಟ’ ಎಂದು ಬರೆದು ಶಿಫಾರಸು ಮಾಡಿ. ಹಿಡಿಸಿದವರು ತಾವೇ ಮುಂದೆ ಹೋಗುತ್ತಾರೆ.

ಬರೆಯುವ ಮೊದಲು ಕಪಾಟು ನೋಡಿ. ಗ್ರಂಥಾಲಯದಲ್ಲಿ ಒಂದೇ ಪ್ರತಿ ಇರುವ ಪುಸ್ತಕವನ್ನು ಶನಿವಾರ ಹೇಳಿದರೆ ಸೋಮವಾರ ಒಬ್ಬರು ಒಯ್ಯುತ್ತಾರೆ, ಉಳಿದವರು ಬರಿಗೈಯಲ್ಲಿ ಮರಳುತ್ತಾರೆ. ಹೀಗೆ ಎರಡು ಸಲ ಮರಳಿದವರು ಮೂರನೆಯ ಸಲ ಬರುವುದಿಲ್ಲ. ನಿಮ್ಮ ಹಾಳೆ ಸೊರಗಿದ್ದಕ್ಕೆ ಇದೂ ಒಂದು ಕಾರಣವಿರಬಹುದು. ಕನಿಷ್ಠ ಎರಡು ಪ್ರತಿ ಇರಬೇಕು, ಇಲ್ಲವೇ ಪುಸ್ತಕವನ್ನು ವಾರದ ಮಟ್ಟಿಗೆ ಅಲ್ಲೇ ಮೇಜಿನ ಮೇಲೆ ಓದಲು ಇಡಬೇಕು, ಇಲ್ಲವೇ ಹಕ್ಕು ಮುಗಿದ ಕೃತಿಯಾಗಿರಬೇಕು. ಹಕ್ಕು ಮುಗಿದದ್ದನ್ನು ಬೇಕಾದಷ್ಟು ನಕಲು ತೆಗೆದು ಹಂಚಬಹುದು.

ಹಕ್ಕಿನ ಲೆಕ್ಕ ಸರಳ. ಭಾರತದಲ್ಲಿ ಲೇಖಕ ತೀರಿಕೊಂಡ ಮರುವರ್ಷದ ಮೊದಲ ದಿನದಿಂದ 60 ವರ್ಷ ಹಕ್ಕು ಉಳಿಯುತ್ತದೆ. 2026ರಲ್ಲಿ ನೋಡಿದರೆ 1965ರಲ್ಲಿ ಅಥವಾ ಅದಕ್ಕೂ ಮೊದಲು ತೀರಿಕೊಂಡವರ ಬರಹ ಎಲ್ಲರದ್ದು. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರನ್ನೂ 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀ ಅವರನ್ನೂ ಧೈರ್ಯವಾಗಿ ಹಂಚಬಹುದು. ಧ್ವನಿಮುದ್ರಿಕೆಗೆ ಪ್ರಕಟವಾದ ಮರುವರ್ಷದಿಂದ 60 ವರ್ಷದ ಲೆಕ್ಕ. ಇಲ್ಲಿ ಎಡವುವ ಜಾಗವೊಂದಿದೆ: ವಚನ 12ನೆಯ ಶತಮಾನದ್ದು, ಅದಕ್ಕೆ ಹಕ್ಕಿಲ್ಲ, ಆದರೆ ಇತ್ತೀಚಿನ ಸಂಪಾದಕರು ಬರೆದ ಮುನ್ನುಡಿ, ಟಿಪ್ಪಣಿ, ಹೊಸಗನ್ನಡ ಅನುವಾದ, ಹೊಸ ರಾಗಸಂಯೋಜನೆ, ಅದನ್ನು ಹಾಡಿದ ಕ್ಯಾಸೆಟ್ – ಇವಕ್ಕೆಲ್ಲ ಬೇರೆ ಬೇರೆ ಹಕ್ಕಿದೆ. ಹಕ್ಕಿರುವ ಪುಸ್ತಕದಿಂದ ವಿಮರ್ಶೆಗಾಗಿ ಕೆಲವು ಸಾಲು ಎತ್ತಿಕೊಳ್ಳಲು 1957ರ ಕಾಯ್ದೆಯ 52ನೆಯ ಕಲಮು ಅವಕಾಶ ಕೊಡುತ್ತದೆ. ಇಷ್ಟೇ ಸಾಲು ಎಂಬ ಸಂಖ್ಯೆ ಕಾಯ್ದೆಯಲ್ಲಿಲ್ಲ, ನಿಮ್ಮ ಮಾತಿಗಿಂತ ಎತ್ತಿಕೊಂಡದ್ದು ಕಡಿಮೆ ಇರುವಂತೆ ನೋಡಿಕೊಳ್ಳಿ. ನೀವು ಎರಡನೆಯ ಹಾಳೆಯ ಜೊತೆ ಗುಂಪಿಗೆ ಹಾಕಿದ ಪಿಡಿಎಫ್ ಮಾತ್ರ ತಪ್ಪು. ಅದು ಈಗಲೂ ಅಂಗಡಿಯಲ್ಲಿ ಮಾರಾಟಕ್ಕಿರುವ ಪುಸ್ತಕ, ಅಳಿಸಿಬಿಡಿ.

ಈಗ ಟಿಪ್ಪಣಿ ಬರೆಯುವ ಕೆಲಸ. 50ರಿಂದ 60 ಪದ ಸಾಕು. ನಿಮ್ಮ ಹಾಳೆಯ ಸಾಲು ಹೀಗಿದೆ: ‘ಗೀತಾ ನಾಗಭೂಷಣ ಅವರ ಬದುಕು ಕಾದಂಬರಿ ನಮ್ಮ ಭಾಗದ ಹೆಮ್ಮೆ. ಎಲ್ಲರೂ ಓದಲೇಬೇಕು.’ ಹೆಮ್ಮೆ ನಿಜ, ಆದರೆ ಓದುಗನ ಕೈಗೆ ಏನೂ ಸಿಗಲಿಲ್ಲ. ಅದನ್ನೇ ಹೀಗೆ ಬರೆಯಬಹುದು:

‘ಗೀತಾ ನಾಗಭೂಷಣ, ಬದುಕು. 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕಾದಂಬರಿ. ಕಲಬುರಗಿ ಸೀಮೆಯ ದುಡಿಯುವ ಜನರ ಕತೆ, ಮಾತೂ ಅವರದ್ದೇ. ದೊಡ್ಡ ಪುಸ್ತಕ, ಈ ವಾರ ಮೊದಲ 50 ಪುಟ ಓದಿ. ಸಂಭಾಷಣೆ ಬಂದಲ್ಲಿ ಬಾಯಿ ಬಿಟ್ಟು ಓದಿ. ಕಣ್ಣಿಗೆ ತೊಡಕೆನಿಸಿದ್ದು ಕಿವಿಗೆ ಸಲೀಸಾಗುತ್ತದೆ. ನಿಮಗೆ ಗೊತ್ತಿಲ್ಲದ ಪದಗಳನ್ನು ಬರೆದುಕೊಂಡು ಹೋಗಿ, ಮನೆಯಲ್ಲಿ ಹಿರಿಯರಿದ್ದರೆ ಅವರಿಂದ ಅರ್ಥ ಕೇಳಿ. ಎರಡು ಪ್ರತಿ ಗ್ರಂಥಾಲಯದ ಮೇಜಿನ ಮೇಲಿವೆ, ಶುಕ್ರವಾರದವರೆಗೆ ಮನೆಗೆ ಒಯ್ಯುವಂತಿಲ್ಲ.’

ಇಲ್ಲಿ ಹೊಗಳಿಕೆಯ ಪದ ಒಂದೂ ಇಲ್ಲ, ಆದರೂ ಓದುವ ಆಸೆ ಹುಟ್ಟುತ್ತದೆ. ಬರೆದ ಮೇಲೆ ‘ಅದ್ಭುತ’, ‘ಅಪರೂಪದ’, ‘ಹೃದಯಸ್ಪರ್ಶಿ’ ಪದಗಳನ್ನು ಹುಡುಕಿ ಹೊಡೆದುಹಾಕಿ, ಆ ಜಾಗದಲ್ಲಿ ಒಂದು ಪುಟಸಂಖ್ಯೆ, ಒಂದು ಹೆಸರು ಅಥವಾ ಒಂದು ಹೊತ್ತು ಬರೆಯಿರಿ. ತೊಡಕಿದ್ದರೆ ಮೊದಲೇ ಹೇಳಿಬಿಡಿ. ಮುಚ್ಚಿಟ್ಟರೆ ಓದುಗ ಹತ್ತನೆಯ ಪುಟದಲ್ಲಿ ನಿಂತು, ದೋಷ ತನ್ನದೇ ಎಂದುಕೊಳ್ಳುತ್ತಾನೆ.

ನಾಲ್ಕೂ ವಸ್ತುಗಳಿಗೆ ಒಂದೇ ಎಳೆ ಇರಲಿ. ನಿಮ್ಮ ಹಾಳೆಯಲ್ಲಿ ಜಪಾನಿನ ಕಾದಂಬರಿ, ಹಿಮಾಲಯದ ಫೋಟೊ, ಗಜಲ್ ಒಟ್ಟಿಗೆ ಇವೆ. ಒಂದೊಂದೂ ಚೆನ್ನ, ಒಂದನ್ನು ಹಿಡಿದರೆ ಮತ್ತೊಂದು ಬರುವುದಿಲ್ಲ. ಎಳೆ ಕಟ್ಟುವುದಕ್ಕೆ ನಮ್ಮ ಬೀದರ್–ಕಲಬುರಗಿ ಸೀಮೆಯಷ್ಟು ಒದಗುವ ನೆಲ ಕಡಿಮೆ. ಮಳಖೇಡದ ವಾರವೊಂದನ್ನು ನೋಡಿ. ಸೇಡಂ ತಾಲ್ಲೂಕಿನ ಕಾಗಿಣಾ ದಂಡೆಯ ಈ ಊರು ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ಸುಮಾರು 850ರಲ್ಲಿ ರಚಿಸಿದ ಕವಿರಾಜಮಾರ್ಗ ನಮಗೆ ಸಿಕ್ಕಿರುವ ಕನ್ನಡ ಗ್ರಂಥಗಳಲ್ಲಿ ಎಲ್ಲಕ್ಕಿಂತ ಹಳೆಯದು. ‘ಕವಿರಾಜಮಾರ್ಗ ಓದಿ’ ಎಂದರೆ ಯಾರೂ ಓದುವುದಿಲ್ಲ, ಹಳಗನ್ನಡ ಬಾಗಿಲಲ್ಲೇ ತಡೆಯುತ್ತದೆ. ಮೊದಲ ಪರಿಚ್ಛೇದದ 36ರಿಂದ 38ರವರೆಗಿನ ಮೂರು ಪದ್ಯ ಮಾತ್ರ ಹೇಳಿ. ಮುದ್ರಣ ಬದಲಾದರೆ ಸಂಖ್ಯೆ ಒಂದೆರಡು ಆಚೀಚೆ ಆದೀತು. ಕಾವೇರಿಯಿಂದ ಗೋದಾವರಿಯವರೆಗಿನ ಕನ್ನಡ ನಾಡಿನ ಮಾತು ಇರುವುದು ಅಲ್ಲೇ. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಊರುಗಳ ನಡುವಿನ ನುಡಿಯೇ ಕನ್ನಡದ ತಿರುಳು ಎನ್ನುವುದೂ, ಓದು ಕಲಿಯದ ಜನರೂ ಇಲ್ಲಿ ಕಾವ್ಯದಲ್ಲಿ ಪಳಗಿದವರು ಎನ್ನುವುದೂ ಅಲ್ಲೇ. ಗದ್ಯಾನುವಾದವಿರುವ ಮುದ್ರಣ ತೆಗೆದುಕೊಂಡರೆ ಮೂರು ಪದ್ಯಕ್ಕೆ ಇಪ್ಪತ್ತು ನಿಮಿಷ. ಉಳಿದದ್ದು ತಾನಾಗಿ ಜೋಡಿಸಿಕೊಳ್ಳುತ್ತದೆ: ಫೋಟೊ ಮಳಖೇಡದ ಕೋಟೆ ಮತ್ತು ಹೊಳೆ, ಹಾಡು ಮನೆಯಲ್ಲೇ ಸಿಗುವ ಬೀಸುವ ಪದ, ಬರಹದ ಕೆಲಸ, ಓದು ಬರಹ ಬಾರದ ಹಿರಿಯರೊಬ್ಬರಿಂದ ಮೂರು ಒಡಪು ಕೇಳಿ ಅವರು ಹೇಳಿದ ಹಾಗೆಯೇ ಬರೆಯುವುದು. ಪದ್ಯದ ಮಾತು ಮನೆಯಂಗಳದಲ್ಲಿ ನಿಜವಾಗುತ್ತದೆ.

ಫೋಟೊ ವಿಭಾಗದಲ್ಲಿ ಬಹಳ ಹಾಳೆಗಳು ಕೆಡುತ್ತವೆ, ನಿಮ್ಮದೂ ಕೆಟ್ಟಿದೆ. ಚೆಂದದ ಚಿತ್ರ ಹಾಕಿ ಕೆಳಗೆ ಛಾಯಾಗ್ರಾಹಕರ ಹೆಸರಿಲ್ಲದೆ ಬಿಟ್ಟಿದ್ದೀರಿ. ಹೆಸರು, ಊರು, ವರ್ಷ – ಈ ಮೂರು ಇಲ್ಲದ ಚಿತ್ರ ಹಾಕಬೇಡಿ. ಜೊತೆಗೆ ನೋಡುವವರಿಗೆ ಒಂದು ಪ್ರಶ್ನೆ ಕೊಡಿ: ಬೆಳಕು ಯಾವ ಕಡೆಯಿಂದ ಬಿದ್ದಿದೆ? ತೆಗೆದವರು ಎಲ್ಲಿ ನಿಂತಿದ್ದರು? ಅಂಚಿನಲ್ಲಿ ಏನು ಕತ್ತರಿಸಿಹೋಗಿದೆ? ಒಂದೇ ಪ್ರಶ್ನೆ ಸಾಕು, ಜನ ಫಲಕದ ಮುಂದೆ ಎರಡು ನಿಮಿಷ ನಿಲ್ಲುತ್ತಾರೆ.

ಹಕ್ಕಿನ ಚಿಂತೆಯಿಲ್ಲದ ಹಳೆಯ ಚಿತ್ರಗಳು ನಮ್ಮ ಸೀಮೆಗೆ ಚೆನ್ನಾಗಿ ಒದಗುತ್ತವೆ. ನಿಜಾಮರ ಆಸ್ಥಾನ ಛಾಯಾಗ್ರಾಹಕ ರಾಜಾ ದೀನ್ ದಯಾಳ್ (1844–1905) ಅವರ ಕೆಲಸವೆಲ್ಲ ಈಗ ಎಲ್ಲರದ್ದು. ಬೀದರಿಗೆ ಇನ್ನೂ ಹತ್ತಿರದ್ದು ನಿಜಾಮ ರಾಜ್ಯದ ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಗುಲಾಮ್ ಯಜ್ದಾನಿ ಅವರ 1947ರ ಇಂಗ್ಲಿಷ್ ಗ್ರಂಥ. ಬೀದರಿನ ಕೋಟೆ, ಗೋರಿ, ಮಸೀದಿಗಳ ಚಿತ್ರಫಲಕಗಳು ಅದರಲ್ಲಿ ಸಾಲಾಗಿವೆ. ಇಂಗ್ಲಿಷ್ ಬಾರದಿದ್ದರೂ ಚಿತ್ರ ನೋಡಲು ಅಡ್ಡಿಯಿಲ್ಲ. ಇದನ್ನಿಟ್ಟುಕೊಂಡು ಒಂದು ‘ದೊಡ್ಡ’ ಫೋಟೊ ವಾರ ಮಾಡಿ: ಹಳೆಯ ಚಿತ್ರ ತೆಗೆದ ಜಾಗದಲ್ಲೇ ನಿಂತು ಇವತ್ತಿನ ಚಿತ್ರ ತೆಗೆಯುವುದು. ನಿಮ್ಮಿಂದ ಬೀದರ್ ಸುಮಾರು 50 ಕಿ.ಮೀ., ಮುಂಜಾನೆಯ ಬಸ್ಸು ಹಿಡಿದರೆ ಮಧ್ಯಾಹ್ನಕ್ಕೆ ಮರಳಬಹುದು.

ಮಹಮೂದ್ ಗವಾನ್ ಮದರಸಾ ತೆಗೆದುಕೊಳ್ಳಿ, 1472ರದ್ದು. 1696ರ ಮದ್ದಿನ ಸ್ಫೋಟದಲ್ಲಿ ಮುಂಭಾಗದ ದೊಡ್ಡ ಪಾಲು ಹೋಯಿತು, ಎರಡು ಮಿನಾರುಗಳಲ್ಲಿ ಒಂದು ಉಳಿಯಿತು. ಮುಖ ಪೂರ್ವಕ್ಕಿದೆ, ಆದ್ದರಿಂದ 7ರಿಂದ 9ರೊಳಗೆ ತೆಗೆದರೆ ಹೆಂಚಿನ ನೀಲಿ, ಹಳದಿ, ಹಸಿರು ಎದ್ದು ಕಾಣುತ್ತವೆ. ಸಂಜೆ ಹೋದವರಿಗೆ ಮುಖಕ್ಕೆ ನೆರಳು, ಹಿಂದೆ ಬೆಳ್ಳಗಿನ ಆಕಾಶ – ಚಿತ್ರ ಕಪ್ಪಾಗುತ್ತದೆ. ಮೊಬೈಲಿನಲ್ಲಿ ಒಂದು ಪಟ್ಟಿನ (1x) ಮಸೂರವನ್ನೇ ಬಳಸಿ. ಅಗಲ ಮಸೂರ ಮಿನಾರನ್ನು ಬಾಗಿಸುತ್ತದೆ. ಹಳೆಯ ಚಿತ್ರವನ್ನು ಕೈಯಲ್ಲಿ ಹಿಡಿದು, ಅದರಲ್ಲಿ ಮಿನಾರಿನ ಅಂಚು ಹಿಂದಿನ ಯಾವ ಕಮಾನಿನ ಯಾವ ಭಾಗಕ್ಕೆ ತಾಗಿದೆ ಎಂದು ಗುರುತಿಸಿ. ಈಗ ಆ ಎರಡೂ ಕೂಡುವವರೆಗೆ ಎಡಕ್ಕೆ, ಬಲಕ್ಕೆ ಹೆಜ್ಜೆ ಸರಿಸಿ. ಅದು ಕೂಡಿದ ಮೇಲಷ್ಟೇ ಹಿಂದೆ ಮುಂದೆ ಸರಿದು ಗಾತ್ರ ಹೊಂದಿಸಿ. ಜನ ಇದನ್ನು ತಿರುವುಮುರುವು ಮಾಡುತ್ತಾರೆ, ಮೊದಲು ಗಾತ್ರ ಹೊಂದಿಸಿ ಆಮೇಲೆ ಬದಿಗೆ ಸರಿಯುತ್ತಾರೆ, ಎರಡು ಚಿತ್ರ ಎಂದೂ ಕೂಡುವುದಿಲ್ಲ. ಎತ್ತರದ ಕಟ್ಟಡಕ್ಕೆ ಮೊಬೈಲನ್ನು ಮೇಲಕ್ಕೆ ವಾಲಿಸಿದರೆ ಗೋಡೆಗಳು ಹಿಂದಕ್ಕೆ ಬೀಳುತ್ತಿರುವಂತೆ ಕಾಣುತ್ತವೆ. ನೆಟ್ಟಗೆ ಹಿಡಿದು ಕೆಳಗಿನ ನೆಲವೂ ಬರಲಿ ಬಿಡಿ, ಆಮೇಲೆ ಕತ್ತರಿಸಬಹುದು. ಮುಕ್ಕಾಲಿ ಇಡುವುದಾದರೆ ಪುರಾತತ್ವ ಇಲಾಖೆಯ ಅನುಮತಿ ಮೊದಲೇ ಕೇಳಿ.

ಕಲಬುರಗಿ ಕೋಟೆಯ ಜಾಮಾ ಮಸೀದಿ (1367) ಬೇರೆ ಪಾಠ ಕಲಿಸುತ್ತದೆ. ಸುಮಾರು 216 ಅಡಿಗೆ 176 ಅಡಿಯ ಆ ಕಟ್ಟಡದಲ್ಲಿ ತೆರೆದ ಅಂಗಳವೇ ಇಲ್ಲ, ಪೂರ್ತಿ ಮೇಲೆ ಮಾಡು. ಒಳಗಿನ ಬಿಳಿ ಗಾರೆಯನ್ನು ಮೊಬೈಲು ಬೂದು ಎಂದೇ ಅಳೆದು ಚಿತ್ರವನ್ನು ಮಂಕು ಮಾಡುತ್ತದೆ. ಪರದೆ ಮುಟ್ಟಿ ಬೆಳಕನ್ನು ಸುಮಾರು ಒಂದು ಹಂತ ಏರಿಸಿ. ಸಾಲುಕಮಾನಿನ ಸರಿಯಾಗಿ ನಡುವೆ ನಿಲ್ಲಿ. ಅರ್ಧ ಅಡಿ ಸರಿದರೂ ಸಾಲು ಸೊಟ್ಟಗಾಗುತ್ತದೆ. ನಮಾಜಿನ ಹೊತ್ತಿನಲ್ಲಿ ಕ್ಯಾಮೆರಾ ಕೆಳಗಿರಲಿ.

ತೆಗೆದ ಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಕುಗ್ಗುತ್ತದೆ, ಮುದ್ರಣಕ್ಕೆ ಸಾಲದು. ‘ಡಾಕ್ಯುಮೆಂಟ್’ ಆಗಿ ಕಳಿಸಿ. 6×4 ಇಂಚಿನ ಚೊಕ್ಕ ಮುದ್ರಣಕ್ಕೆ 1800×1200 ಪಿಕ್ಸೆಲ್ ಬೇಕು, ಪೂರ್ತಿ ಎ4ಗೆ 3508×2480.

ಸಂಗೀತಕ್ಕೆ ಬರೋಣ. 50 ನಿಮಿಷದ ಖಯಾಲಿನ (ರಾಗವನ್ನು ನಿಧಾನವಾಗಿ ಬೆಳೆಸುವ ಹಿಂದೂಸ್ತಾನಿ ಗಾಯನ) ಕೊಂಡಿ ಹಾಕಿದ್ದೀರಿ. ಹೊಸಬರು ಮೂರನೆಯ ನಿಮಿಷಕ್ಕೆ ಎದ್ದುಹೋಗುತ್ತಾರೆ, ಅದು ಅವರ ತಪ್ಪಲ್ಲ. ಗ್ರಾಮಫೋನ್ ಕಾಲದಿಂದ ಶುರು ಮಾಡಿ. ಆ ತಟ್ಟೆಯ ಒಂದು ಬದಿಯಲ್ಲಿ ಹಿಡಿಸುತ್ತಿದ್ದುದೇ ಮೂರು ಮೂರೂವರೆ ನಿಮಿಷ, ಆದ್ದರಿಂದ ಗಾಯಕರು ರಾಗದ ಸಾರವನ್ನೆಲ್ಲ ಅಷ್ಟರಲ್ಲೇ ಇಟ್ಟಿದ್ದಾರೆ. 1902ರಲ್ಲಿ ಕೋಲ್ಕತ್ತದಲ್ಲಿ ಮುದ್ರಿಸಿದ ಗಾಯಕಿ ಗೌಹರ್ ಜಾನ್ ಅವರ ಹಾಡಿನ ಕೊನೆಗೆ ಅವರು ತಮ್ಮ ಹೆಸರನ್ನು ತಾವೇ ಕೂಗಿ ಹೇಳುವುದು ಕೇಳಿಸುತ್ತದೆ. ಅವರು 1930ರಲ್ಲಿ ತೀರಿಕೊಂಡದ್ದು ಮೈಸೂರಿನಲ್ಲಿ. ಮಿರಜಿನ ಅಬ್ದುಲ್ ಕರೀಂ ಖಾನ್ (1872–1937) ಅವರ ಝಿಂಝೋಟಿಯ ಠುಮ್ರಿ ಎರಡನೆಯ ವಾರಕ್ಕಿರಲಿ. ಹಾಳೆಯಲ್ಲಿ ಮೂರು ಸಲ ಕೇಳಲು ಹೇಳಿ: ಮೊದಲ ಸಲ ಸುಮ್ಮನೆ, ಎರಡನೆಯ ಸಲ ಹಿಂದಿನ ಶ್ರುತಿಯ ‘ಸಾ’ ಹಿಡಿದು ಬಾಯಿ ಮುಚ್ಚಿ ಗುನುಗುತ್ತ, ಮೂರನೆಯ ಸಲ ತಬಲದ ಸಮ (ತಾಳದ ಸುತ್ತಿನ ಮೊದಲ ಪೆಟ್ಟು) ಬಂದಲ್ಲಿ ತೊಡೆ ತಟ್ಟುತ್ತ. ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಇದಾದ ಮೇಲೆ ಮಲ್ಲಿಕಾರ್ಜುನ ಮನ್ಸೂರರ (1910–1992) ವಚನಗಾಯನ, ಅದೇ ವಾರ ಅವರ ಆತ್ಮಕಥೆ ‘ನನ್ನ ರಸಯಾತ್ರೆ’. ಪುಸ್ತಕ, ಹಾಡು ಎರಡೂ ಒಂದನ್ನೊಂದು ಎಳೆದು ತರುತ್ತವೆ.

ಕೊಂಡಿ ಕೊಟ್ಟಾಗ ‘ಇಷ್ಟನೆಯ ನಿಮಿಷದಿಂದ ಇಷ್ಟರವರೆಗೆ’ ಎಂದು ಗುರುತು ಹಾಕಿ. ಮೊಬೈಲಿನ ಸ್ಪೀಕರಿನಲ್ಲಿ ಕೆಳಸ್ವರಗಳು ಬರುವುದಿಲ್ಲ. ತಂಬೂರಿಯ ತಳ, ತಬಲದ ಜೊತೆಯ ದಪ್ಪ ದನಿಯ ಡಗ್ಗಾ ಎರಡೂ ಮಾಯವಾಗಿ ಗಾಯಕರ ದನಿ ತೆಳ್ಳಗಾಗುತ್ತದೆ, ಕೇಳಿದವರು ‘ಹಳೆಯ ರೆಕಾರ್ಡು, ಚೆನ್ನಾಗಿಲ್ಲ’ ಎಂದುಬಿಡುತ್ತಾರೆ. ನೂರೈವತ್ತು ರೂಪಾಯಿಯ ತಂತಿಯ ಇಯರ್‌ಫೋನು ಸಾಕು, ಆ ಮಾತನ್ನು ಹಾಳೆಯಲ್ಲೇ ಬರೆಯಿರಿ.

ನಿಮ್ಮ ಊರಿನಲ್ಲಿ ಕುಳಿತು ಹೊರಗಿನ ಹಾಡನ್ನೇ ಹುಡುಕುವುದು ನೋವಿನ ಸಂಗತಿ. ಮಾಣಿಕನಗರ ನಿಮ್ಮ ಮಗ್ಗುಲಲ್ಲೇ ಇದೆ. ಅಲ್ಲಿನ ಸಂತ ಮಾಣಿಕಪ್ರಭುಗಳು (1817–1865) ಮರಾಠಿ, ಕನ್ನಡ ಸೇರಿ ಹಲವು ಭಾಷೆಗಳಲ್ಲಿ ರಾಗಬದ್ಧ ಪದ ಕಟ್ಟಿದವರು. ದತ್ತ ಜಯಂತಿಯ ವಾರದ ಹಾಳೆ ಅವರದ್ದೇ ಆಗಲಿ. ಎಳ್ಳಮಾವಾಸ್ಯೆಯ ವಾರ ಕಡಕೋಳ ಮಡಿವಾಳಪ್ಪನವರ ತತ್ವಪದ. ಹೊಲದಲ್ಲಿ ಚರಗ ಚೆಲ್ಲಿ ಭಜ್ಜಿ ಉಂಡು ಬಂದ ಮೇಲೆ ಮಠದಲ್ಲಿ ಅಮಾವಾಸ್ಯೆಯ ಭಜನೆ ಇದ್ದೇ ಇರುತ್ತದೆ. ಕಲಬುರಗಿಯ ಖ್ವಾಜಾ ಬಂದೇನವಾಜ್ ಉರುಸಿನ ವಾರ ಕವ್ವಾಲಿ. ಉರುಸು ಇಸ್ಲಾಮಿ ಚಾಂದ್ರಮಾನದ ಜಿಲ್ಕಾದ ತಿಂಗಳದ್ದು, ಪ್ರತಿ ವರ್ಷ ಹಿಂದಿನ ವರ್ಷಕ್ಕಿಂತ ಸುಮಾರು ಹನ್ನೊಂದು ದಿನ ಮೊದಲೇ ಬರುತ್ತದೆ. ಹೋದ ವರ್ಷದ ತಾರೀಕು ನೋಡಿ ಹಾಳೆ ಮಾಡಿದರೆ ತಪ್ಪುತ್ತದೆ.

ಭಜನೆಯನ್ನು ನೀವೇ ಮುದ್ರಿಸಿಕೊಂಡರೆ ಅದೇ ವಾರದ ಹಾಡು. ಮೊಬೈಲನ್ನು ಹಾಡುವವರಿಂದ ಐದಾರು ಅಡಿ ದೂರ, ಮಡಚಿದ ಟವೆಲ್ ಮೇಲೆ ಇಡಿ. ನೆಲದ ಮೇಲಿಟ್ಟರೆ ಹೆಜ್ಜೆಯ ಸದ್ದೆಲ್ಲ ಏರುತ್ತದೆ. ತಾಳದವರು ಮೊಬೈಲಿನ ಎದುರು ಕೂರಬಾರದು. ತಾಳದ ಚೂಪು ಸದ್ದಿಗೆ ಮುದ್ರಣ ಒಡೆದುಹೋಗುತ್ತದೆ, ಏಕತಾರಿಯೂ ಮಾತೂ ಕೇಳಿಸುವುದೇ ಇಲ್ಲ. ಫ್ಯಾನು ಬಂದ್, ಮೊಬೈಲು ಏರೋಪ್ಲೇನ್ ಮೋಡಿನಲ್ಲಿ. ಮೊದಲು ಹತ್ತು ಸೆಕೆಂಡು ಮುದ್ರಿಸಿ ಇಯರ್‌ಫೋನಿನಲ್ಲಿ ಕೇಳಿ ನೋಡಿ. ಶುರುವಿನಲ್ಲಿ ಹಾಡುವವರ ಹೆಸರು, ಊರು, ತಾರೀಕು ಬಾಯಿಂದ ಹೇಳಿಸಿ, ಹತ್ತು ವರ್ಷದ ಮೇಲೆ ಬೆಲೆ ಬರುವುದು ಅದಕ್ಕೆ. ಪದ ಹಳೆಯದಾದರೂ ಹಾಡಿದವರಿಗೆ 50 ವರ್ಷದ ಹಕ್ಕಿದೆ. ಹಂಚಲು ಅವರ ಒಪ್ಪಿಗೆಯನ್ನೂ ಅದೇ ಮುದ್ರಣದಲ್ಲಿ ಕೇಳಿಟ್ಟುಕೊಳ್ಳಿ.

ಬರಹದ ವಿಭಾಗಕ್ಕೆ ಹೆಚ್ಚು ಹೇಳಬೇಕಿಲ್ಲ. ಹತ್ತು ಪುಟದೊಳಗಿನ ಪ್ರಬಂಧ, ಕತೆ ಅಥವಾ ಪತ್ರ. ಅದರ ಜೊತೆ 150 ಪದದ ಒಂದು ಕೆಲಸ. ಬಂದ ಬರಹಗಳಲ್ಲಿ ಒಂದನ್ನು ಮುಂದಿನ ಹಾಳೆಯಲ್ಲಿ ಹಾಕಿ, ತಿದ್ದುವುದಾದರೆ ಬರೆದವರನ್ನು ಕೇಳಿ ತಿದ್ದಿ.

ಹಾಳೆಯ ರೂಪದಲ್ಲಿ ಮೂರು ದೋಷ ಕಂಡವು. ವಾಟ್ಸ್‌ಆ್ಯಪ್‌ಗೆ ಹಾಕಿದ ಪಠ್ಯ ಕೆಲವರಿಗೆ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕಂಡಿದೆ ಎಂದಿದ್ದೀರಿ. ‘ನುಡಿ’ ತಂತ್ರಾಂಶದ ಹಳೆಯ, ಯುನಿಕೋಡ್ ಅಲ್ಲದ ಅಕ್ಷರದಲ್ಲಿ ಟೈಪ್ ಮಾಡಿ ನೇರ ಅಂಟಿಸಿದರೆ ಹೀಗಾಗುತ್ತದೆ. ಯುನಿಕೋಡ್‌ಗೆ ಪರಿವರ್ತಿಸಿ ಅಂಟಿಸಿ, ಪರಿವರ್ತನೆಯಲ್ಲಿ ಅರ್ಕಾವತ್ತು ಮತ್ತು ಒತ್ತಕ್ಷರ ಕೆಟ್ಟಿವೆಯೇ ಎಂದು ಒಮ್ಮೆ ಓದಿ ನೋಡಿ. ಫಲಕದ ಅಕ್ಷರ 12 ಪಾಯಿಂಟಿನದು, ನಿಂತು ಓದಲು 18 ಬೇಕು, ತಲೆಬರಹಕ್ಕೆ 36. ಸಾಲಿನ ಅಂತರ 1.4 ಇಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಗುಣಿಸಿಗೆ ತಾಗುತ್ತದೆ. ಕ್ಯೂಆರ್ ಚಿತ್ರ ಓದಲು ಅದರ ಅಗಲದ ಹತ್ತರಷ್ಟು ದೂರ ಎಂಬ ಲೆಕ್ಕ ಹಿಡಿಯಿರಿ: 60 ಸೆಂ.ಮೀ. ದೂರದಿಂದ ಹಿಡಿಯಬೇಕಾದರೆ 6 ಸೆಂ.ಮೀ. ಅಗಲ, ಸುತ್ತ ಬಿಳಿ ಅಂಚು. ನಿಮ್ಮದು 2 ಸೆಂ.ಮೀ., ಅದೂ ಬಣ್ಣದ ಹಿನ್ನೆಲೆಯ ಮೇಲೆ. ಹಾಡು ಯಾರೂ ಕೇಳದೇ ಹೋದದ್ದಕ್ಕೆ ಇದೇ ಕಾರಣವಾಗಿದ್ದರೂ ಆಶ್ಚರ್ಯವಿಲ್ಲ.

ಹಾಳೆ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ವಾಟ್ಸ್‌ಆ್ಯಪ್‌ನ ಹೆಬ್ಬೆರಳು ಎಣಿಸಬೇಡಿ. ಮೇಜಿನ ಮೇಲಿನ ಪುಸ್ತಕದೊಳಗೆ ಒಂದು ಚೀಟಿ ಇಡಿ, ಓದಿದವರು ನಿಲ್ಲಿಸಿದ ಪುಟದ ಸಂಖ್ಯೆ ಬರೆದು ಹೋಗಲಿ. ಎಲ್ಲರೂ 12ನೆಯ ಪುಟದಲ್ಲಿ ನಿಂತಿದ್ದರೆ ಆ ಪುಟ ತೆರೆದು ನೋಡಿ. ಅಲ್ಲಿನ ತೊಡಕು ಯಾವುದೋ ಅದನ್ನೇ ಮುಂದಿನ ಶನಿವಾರದ ಹಾಳೆಯಲ್ಲಿ ಎರಡು ಸಾಲಿನಲ್ಲಿ ಬಿಡಿಸಿ ಬರೆಯಿರಿ, ಪುಸ್ತಕವನ್ನು ಇನ್ನೊಂದು ವಾರ ಮೇಜಿನ ಮೇಲೆಯೇ ಇಡಿ.